ಅಕ್ಕೋರ ಶಾಸ್ತ್ರದಾನ



ಶ್ರುತಪಂಚಮಿಗೆಂದು ಇಂದು ಲೋಕಾಪುರದಲ್ಲಿ ಕೂಡಿದ್ದೇವೆ. ಮುಧೋಳ, ಜಮಖಂಡಿ, ಬೀಳಗಿ, ಬನಹಟ್ಟಿ ಕಡೆಯವರೂ ಬಿಸಿಲೆನ್ನದೆ ಬಂದಿದ್ದೀರಿ. ಬೆಳಿಗ್ಗೆ ಗ್ರಂಥಗಳನ್ನು ಕಪಾಟಿನಿಂದ ಇಳಿಸಿ, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸಿದಿರಿ. ಪುಷ್ಪದಂತ, ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಬರಹಕ್ಕಿಳಿಸಿ ಮುಗಿಸಿದ ದಿನವಿದು. ಇಂಥ ದಿನ ಮುನಿಗಳ ಗುಣಗಾನ ಮಾಡುವುದು ವಾಡಿಕೆ. ನಾನಿಂದು ಸಂಸಾರದಲ್ಲಿದ್ದು, ಗಂಡ ಮಕ್ಕಳನ್ನು ನೋಡಿಕೊಂಡು, ಸಂಬಳಕ್ಕೆ ಪಾಠ ಹೇಳಿದ ಒಬ್ಬ ಹೆಣ್ಣುಮಗಳನ್ನು ನೆನೆಯಬೇಕೆಂದಿದ್ದೇನೆ. 2024ರ ಜೂನ್ 22ರಂದು, ಇದೇ ಜ್ಯೇಷ್ಠ ಮಾಸದಲ್ಲಿ, 88ನೆಯ ವಯಸ್ಸಿನಲ್ಲಿ ತೀರಿಕೊಂಡ ಡಾ. ಕಮಲಾ ಹಂಪನಾ ಅವರು. ಪಾಠ ಹೇಳುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಕರೆಯುವ ಹಾಗೆ ಕರೆದರೆ, ಅಕ್ಕೋರು.

ಅವರ ಬಗ್ಗೆ ಹೇಳುವ ಮೊದಲು ನಮ್ಮದೇ ತಾಲ್ಲೂಕಿನ ಒಂದು ಮಾತು. ಮುಧೋಳದ ಬಳೆಗಾರರ ಮನೆಯಲ್ಲಿ ಜಿನವಲ್ಲಭ, ಅಬ್ಬಲಬ್ಬೆಯರ ಮಗನಾಗಿ ಹುಟ್ಟಿದ ರನ್ನ ವಿದ್ಯೆ ಅರಸಿ ಶ್ರವಣಬೆಳಗೊಳದವರೆಗೆ ಹೋದ. ಅಜಿತಸೇನಾಚಾರ್ಯರು ಅವನಿಗೆ ಗುರುಗಳಾದರು, ಚಾವುಂಡರಾಯ ಆಶ್ರಯ ಕೊಟ್ಟ. ಮುಂದೆ ಅವನಿಂದ 993ರಲ್ಲಿ ಅಜಿತಪುರಾಣ ಬರೆಯಿಸಿದವಳು ಅತ್ತಿಮಬ್ಬೆ. ಚಾವುಂಡರಾಯ, ಅತ್ತಿಮಬ್ಬೆ ಇಬ್ಬರ ಋಣವನ್ನೂ ರನ್ನ ಮರೆಯಲಿಲ್ಲ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ.

ಅತ್ತಿಮಬ್ಬೆ ಎಂದೊಡನೆ ನಮ್ಮವರಿಗೆ ಲಕ್ಕುಂಡಿಯ ಬಸದಿ ನೆನಪಾಗುತ್ತದೆ, ಮಾಡಿಸಿ ಹಂಚಿದ ಜಿನಬಿಂಬಗಳು ನೆನಪಾಗುತ್ತವೆ. ಕಲ್ಲು, ಚಿನ್ನ ಕಣ್ಣಿಗೆ ಕಾಣುತ್ತವಲ್ಲ! ನನಗೆ ಅವಳ ಬಾಳಿನಲ್ಲಿ ದೊಡ್ಡದಾಗಿ ಕಾಣುವುದು ಬೇರೆ. ಗಂಡ ನಾಗದೇವ ಯುದ್ಧದಲ್ಲಿ ಮಡಿದ. ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಏರಲಿಲ್ಲ. ಮಗ ಅಣ್ಣಿಗದೇವ ಇನ್ನೂ ಚಿಕ್ಕವನು, ಅವನನ್ನು ಬೆಳೆಸುವುದಿತ್ತು. ಬದುಕಿ ಉಳಿಯುವುದೇ ಅವಳಿಗೆ ವ್ರತವಾಯಿತು. ಆಮೇಲೆ ಅವಳು ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಆ ಕಾವ್ಯ ಅವಳ ತವರಿನದು. ಅವಳ ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯ ಬರೆಯಿಸಿದ್ದು.

ಸಾವಿರ ಪ್ರತಿ ಎಂದರೆ ಏನೆಂದು ಒಂದಿಷ್ಟು ಕಣ್ಣಮುಂದೆ ತಂದುಕೊಳ್ಳಿರಿ. ಓಲೆಗರಿಯನ್ನು ಹದಮಾಡಿ, ಅಳತೆಗೆ ಕತ್ತರಿಸಿ, ದಾರ ಪೋಣಿಸಲು ತೂತು ಬಿಡಬೇಕು. ಗರಿ ಸೀಳದಂತೆ ಕಂಠವೆಂಬ ಲೇಖನಿಯ ಮೊನೆಯಿಂದ ಒಂದೊಂದೇ ಅಕ್ಷರ ಕೊರೆಯಬೇಕು. ಕೊರೆದಾಗ ಅದು ಸರಿಯಾಗಿ ಕಾಣಿಸುವುದೂ ಇಲ್ಲ. ಮೇಲೆ ಕಾಡಿಗೆ ತಿಕ್ಕಿ ಒರೆಸಿದರೆ ಕಪ್ಪು ಗೆರೆಯಲ್ಲಿ ಕುಳಿತು ಅಕ್ಷರ ಎದ್ದು ನಿಲ್ಲುತ್ತದೆ. ಹೀಗೆ ಒಂದು ಪುರಾಣ ಮುಗಿಯಬೇಕು. ಮುಗಿದ ಮೇಲೆ ಇನ್ನೊಂದು. ಇಂದು ಪುಸ್ತಕ ಅಚ್ಚು ಹಾಕಿಸುವ ನಮ್ಮ ದಾನಿಗಳು ಮೊದಲ ಪುಟಕ್ಕೆ ತಮ್ಮ ಭಾವಚಿತ್ರ ಕಳಿಸುವ ಅವಸರದಲ್ಲಿ ಒಳಗಿನ ಪುಟ ತಿರುವಿಯೂ ನೋಡಿರುವುದಿಲ್ಲ. ಕಟುವಾಗಿ ಹೇಳಿದೆನೇನೋ, ಆದರೂ ಹೇಳಿದೆ.

ಇನ್ನು ನಮ್ಮ ಅಕ್ಕೋರ ಮಾತಿಗೆ ಬರೋಣ. ಕಮಲಾ ಅವರು ಹುಟ್ಟಿದ್ದು 1935ರ ಅಕ್ಟೋಬರ್ 28ರಂದು, ದೇವನಹಳ್ಳಿಯಲ್ಲಿ. ಹುಟ್ಟಿನಿಂದ ಜೈನರಲ್ಲ. ಜಾತಿಯ ಗೆರೆ ದಾಟಿ ಹಂಪ ನಾಗರಾಜಯ್ಯನವರ ಕೈ ಹಿಡಿದರು. ಆ ಕಾಲಕ್ಕೆ ಅದು ಸಲೀಸಾದ ಮಾತಲ್ಲ. ಮದುವೆಯಾಗಿ, ಮಕ್ಕಳಾಗಿ, ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಕನ್ನಡ ಕಲಿಸಿದರು, ಪ್ರಾಂಶುಪಾಲರಾದರು. ನಿವೃತ್ತಿಯ ನಂತರ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ, ಪ್ರಾಕೃತ ವಿಭಾಗದ ವಿದ್ಯಾರ್ಥಿಗಳಿಗೂ ಪಾಠ ಹೇಳಿದರು. 2003ರಲ್ಲಿ ಮೂಡಬಿದಿರೆಯಲ್ಲಿ ನಡೆದ 71ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠ ಏರಿದ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಅವರಿಗಿಂತ ಮುಂಚೆ ನಮ್ಮ ಬಾಗಲಕೋಟೆಯ ಸಮ್ಮೇಳನದಲ್ಲೇ ಶಾಂತಾದೇವಿ ಮಾಳವಾಡರು ಕುಳಿತಿದ್ದರು ಎನ್ನುವುದನ್ನು ಇಲ್ಲಿಯ ಹಿರಿಯರು ಬಲ್ಲಿರಿ.

ಈ ಗೌರವಗಳಿಗಾಗಿ ನಾನು ಕಮಲಾ ಅವರನ್ನು ನೆನೆಯುತ್ತಿಲ್ಲ, ಅವರು ಮಾಡಿದ ಒಂದು ಕೆಲಸಕ್ಕಾಗಿ ನೆನೆಯುತ್ತಿದ್ದೇನೆ. ರನ್ನನಿಗೆ ಆಶ್ರಯ ಕೊಟ್ಟ ಚಾವುಂಡರಾಯ ತಾನೇ 978ರಲ್ಲಿ ಕನ್ನಡ ಗದ್ಯದಲ್ಲಿ ತೀರ್ಥಂಕರರ ಕಥೆ ಬರೆದ. ಆ ಚಾವುಂಡರಾಯ ಪುರಾಣವನ್ನು ಇನ್ನೊಬ್ಬ ವಿದ್ವಾಂಸರ ಜೊತೆಗೂಡಿ ಸಂಪಾದಿಸಿಕೊಟ್ಟವರು ಈ ಅಕ್ಕೋರು. ಹಳೆಯ ಗ್ರಂಥ ಸಂಪಾದಿಸುವುದೆಂದರೆ ಒಂದು ಪ್ರತಿಯಲ್ಲಿ ಒಂದು ಪಾಠ, ಮತ್ತೊಂದರಲ್ಲಿ ಮತ್ತೊಂದು. ಯಾವುದು ಕವಿಯದು, ಯಾವುದು ಪ್ರತಿಕಾರನ ಕೈತಪ್ಪು ಎಂದು ಒಂದೊಂದು ಸಾಲಿನ ಮುಂದೆಯೂ ನಿಲ್ಲಬೇಕು. ಬಿಟ್ಟ ಪಾಠವನ್ನೂ ಎಸೆಯುವ ಹಾಗಿಲ್ಲ, ಪುಟದ ಕೆಳಗೆ ಕೊಡಬೇಕು, ನಾಳೆ ಬರುವ ಓದುಗನಿಗೆ ಅದೇ ಸರಿಯೆನಿಸಬಹುದು. ಸತ್ಯಕ್ಕೆ ಹಲವು ಮುಖ ಎನ್ನುವ ಅನೇಕಾಂತವನ್ನು ಭಾಷಣದಲ್ಲಿ ಹೇಳುವವರು ಬಹಳ. ಪುಟದ ಕೆಳಗೆ ಸಣ್ಣಕ್ಷರದಲ್ಲಿ ಪಾಲಿಸಿದವರನ್ನು ನಾವು ಗುರುತಿಸುವುದಿಲ್ಲ.

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ನಮಗೆ ನಾಲ್ಕು ದಾನ. ಮೊದಲನೆಯದರಲ್ಲಿ ನಮ್ಮ ಕಡೆಯ ಮನೆಗಳು ಯಾರಿಗೂ ಕಡಿಮೆಯಿಲ್ಲ. ನಾಲ್ಕನೆಯದನ್ನು ಮುನಿಗಳಿಗೂ ಪಂಡಿತರಿಗೂ ಬಿಟ್ಟು ಕೈತೊಳೆದುಕೊಂಡಿದ್ದೇವೆ. ತತ್ವಾರ್ಥಸೂತ್ರ ಏನು ಹೇಳುತ್ತದೆ? ಸ್ವಾಧ್ಯಾಯವೂ ಒಂದು ತಪಸ್ಸು, ಅದಕ್ಕೆ ಐದು ಅಂಗ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದಿಸುವುದು, ಸಂಶಯ ಬಂದರೆ ಕೇಳುವುದು, ಕೇಳಿದ್ದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವುದು, ತಪ್ಪಿಲ್ಲದೆ ಮತ್ತೆ ಮತ್ತೆ ಉಚ್ಚರಿಸುವುದು. ನಾನೀಗ ಮಾಡುತ್ತಿರುವ ಉಪದೇಶ ಎಲ್ಲಕ್ಕೂ ಕಡೆಯದು, ಗಮನಿಸಿರಿ. ಮೊದಲ ನಾಲ್ಕೂ ದಿನಬೆಳಗಾದರೆ ನಡೆಯುವುದು ಎಲ್ಲಿ? ಒಂದನೆಯ ಇಯತ್ತೆಯ ಕೋಣೆಯಲ್ಲಿ. ಮಗು ಅಕ್ಷರ ತಿದ್ದುತ್ತದೆ, ಯಾಕೆ ಎನ್ನುತ್ತದೆ, ಮಗ್ಗಿ ಒಪ್ಪಿಸುತ್ತದೆ. ಮನೆಯಲ್ಲಿ ರೊಟ್ಟಿ ಬಡಿದಿಟ್ಟು, ಅತ್ತೆಗೆ ಗುಳಿಗೆ ಕೊಟ್ಟು, ಮಕ್ಕಳ ತಲೆ ಬಾಚಿ, ಒಂಬತ್ತರ ಬಸ್ಸು ಹಿಡಿದು ಹೋಗಿ ಇದನ್ನು ನಡೆಸಿದ ನಮ್ಮೂರ ಅಕ್ಕೋರು ಎಷ್ಟು ಜನ! ನಾವು ಅವರನ್ನು ನೌಕರಿ ಮಾಡಿ ಪಿಂಚಣಿ ತಗೊಂಡವರು ಎಂದೆವು. ತಪಸ್ವಿನಿಯರು ಎನ್ನಲಿಲ್ಲ.

ಸಂಬಳ ಬಂತಲ್ಲ, ಅದು ದಾನ ಹೇಗಾಯಿತು ಎಂದು ಹಿಂದೊಮ್ಮೆ ಹಿರಿಯ ಶ್ರಾವಕರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಸಂಬಳ ಗಂಟೆ ಹೊಡೆಯುವವರೆಗಿನದು. ಗಂಟೆ ಹೊಡೆದ ಮೇಲೂ ದಡ್ಡ ಹುಡುಗನನ್ನು ಪಕ್ಕದಲ್ಲಿ ಕೂಡಿಸಿಕೊಂಡದ್ದು, ಶಾಲೆ ಬಿಡಿಸಿ ಕಬ್ಬಿನ ಗದ್ದೆಗೆ ಕಳಿಸಿದ ಹುಡುಗಿಯ ಮನೆ ಹುಡುಕಿಕೊಂಡು ಹೋಗಿ ಅವರಪ್ಪನ ಜೊತೆ ವಾದಿಸಿದ್ದು, ನಿವೃತ್ತಿಯ ನಂತರವೂ ಕಮಲಾ ಅವರು ಹಳಗನ್ನಡದ ಮುಂದೆ ಕುಳಿತದ್ದು, ಇವು ಯಾವ ಪಗಾರಪತ್ರದಲ್ಲಿ ಬರುತ್ತವೆ?

ಹಾಗಾಗಿ ಒಂದು ಕೋರಿಕೆ. ಬೆಳಿಗ್ಗೆ ಪೂಜಿಸಿದ ಗ್ರಂಥಗಳನ್ನು ಇವತ್ತೇ ಕಪಾಟಿಗೆ ಸೇರಿಸಿ ಬೀಗ ಹಾಕಬೇಡಿರಿ. ಬರುವ ರವಿವಾರ ಸಂಜೆಯಿಂದ ಇಲ್ಲಿ ಮಕ್ಕಳಿಗೆ ಓದು ನಡೆಯುತ್ತದೆ. ನಿವೃತ್ತರಾದ ಮೂವರು ಅಕ್ಕೋರು ಬರಲು ಒಪ್ಪಿದ್ದಾರೆ. ಚಾವುಂಡರಾಯ ಪುರಾಣದ ಆದಿನಾಥರ ಕಥೆಯಿಂದ ಆರಂಭ. ಹಳಗನ್ನಡ ತೊಡಕಾದಲ್ಲಿ ಅಕ್ಕೋರು ಬಿಡಿಸಿ ಹೇಳುತ್ತಾರೆ. ಅವರಿಗೂ ತೊಡಕಾದರೆ ನನ್ನ ಹತ್ತಿರ ಬರಲಿ. ನನಗೂ ಬಗೆಹರಿಯದಿದ್ದರೆ ಎಲ್ಲರೂ ಕೂಡಿ ನಿಘಂಟು ತೆಗೆಯೋಣ. ಯಾವ ಜಾತಿಯ ಮಗು ಬಂದರೂ ಕೂಡಿಸಿಕೊಳ್ಳಬೇಕು. ಹೊತ್ತು ಮುಳುಗುವುದರೊಳಗೆ ಮನೆಯಲ್ಲೇ ಊಟ ಮುಗಿಸಿ ಕಳಿಸಿರಿ, ಮತ್ತು ಮೊಬೈಲು ಮನೆಯಲ್ಲೇ ಇರಲಿ. ಕರೆದುಕೊಂಡು ಬಂದ ದೊಡ್ಡವರು ಹೊರಗೆ ಕಟ್ಟೆಯ ಮೇಲೆ ಕೂತು ಹರಟುವ ಹಾಗಿಲ್ಲ. ಒಳಗೆ ಹಿಂದಿನ ಸಾಲಿನಲ್ಲಿ ನಿಮಗೂ ಚಾಪೆ ಹಾಸಿರುತ್ತದೆ.