ಹೊಸ್ತಿಲಾಚೆ ನಿಲ್ಲುವ ಸರ್ಕಾರ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ ನಮ್ಮಲ್ಲಿ. ಹೊರಗಿನವರು ಮೂಗು ತೂರಿಸಬೇಡಿ ಎಂಬುದು ಅದರೊಳಗಿನ ಬುದ್ಧಿಮಾತು. ಅದೇ ಬಾಯಲ್ಲಿ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದೂ ಹೇಳುತ್ತೇವೆ. ಕೂಸು ಬಡವಾಗುವುದಾದರೆ ಹೊರಗಿನವರು ಯಾರಾದರೂ ಒಳಗೆ ಬರಬೇಡವೇ? ಬರಬೇಕಾದವರು ಯಾರು, ಎಲ್ಲಿಯ ತನಕ ಬರಬೇಕು? ಈ ಎರಡು ಗಾದೆಗಳ ನಡುವೆ ಎಷ್ಟೊಂದು ರಾಜಕೀಯ ಇದೆ ಎಂದು ನಾನು ಯೋಚಿಸತೊಡಗಿದ್ದು ಅಮೆರಿಕದ ಅಭ್ಯರ್ಥಿಯೊಬ್ಬರ ಮಾತುಗಳನ್ನು ಕೇಳಿದ ಮೇಲೆ.

ಅದು 2016ರ ಅಧ್ಯಕ್ಷ ಚುನಾವಣೆ. ಟ್ರಂಪ್ ಮತ್ತು ಹಿಲರಿ ಕ್ಲಿಂಟನ್ ಹೆಸರು ನಮ್ಮೂರಿನ ಹಾಲಿನ ಹುಡುಗನಿಗೂ ಗೊತ್ತಿತ್ತು. ಮೂರನೆಯವರೊಬ್ಬರಿದ್ದರು, ಗ್ಯಾರಿ ಜಾನ್ಸನ್. ಲಿಬರ್ಟೇರಿಯನ್ ಪಕ್ಷದವರು. 1971ರಲ್ಲಿ ಹುಟ್ಟಿದ ಈ ಪಕ್ಷದ ತತ್ವ ಹೇಳುವುದಕ್ಕೆ ಬಹಳ ಸುಲಭ: ಮತ್ತೊಬ್ಬರಿಗೆ ಹಾನಿ ಮಾಡದೆ ಮನುಷ್ಯ ಹೇಗೆ ಬೇಕಾದರೂ ಬದುಕಲಿ, ಸರ್ಕಾರ ಅವನ ಜೇಬಿಗೂ ಕೈ ಹಾಕಬಾರದು, ಅವನ ಮಲಗುವ ಕೋಣೆಗೂ ಇಣುಕಬಾರದು. ಜಾನ್ಸನ್ ಇದನ್ನು ಬರೀ ಬಾಯಲ್ಲಿ ಹೇಳಿದವರಲ್ಲ. 1995ರಿಂದ ಎಂಟು ವರ್ಷ ರಿಪಬ್ಲಿಕನ್ ಪಕ್ಷದಿಂದ ನ್ಯೂ ಮೆಕ್ಸಿಕೋದ ಗವರ್ನರ್ ಆಗಿದ್ದಾಗ 700ಕ್ಕೂ ಹೆಚ್ಚು ಮಸೂದೆಗಳಿಗೆ ಸಹಿ ಹಾಕದೆ ತಿರಸ್ಕರಿಸಿದ ಆಸಾಮಿ. ಅಧಿಕಾರ ಬಿಟ್ಟ ವರ್ಷವೇ ಎವರೆಸ್ಟ್ ಹತ್ತಿ ಬಂದರು. ಬೇಡ ಎನ್ನುವುದರಲ್ಲಿ ಇಷ್ಟೊಂದು ದುಡಿದ ರಾಜಕಾರಣಿಯನ್ನು ನಾನಂತೂ ಕಂಡಿರಲಿಲ್ಲ.

ಆಗ ನಾನು ಮಗಳ ಬಾಣಂತನಕ್ಕೆಂದು ಟೆಕ್ಸಾಸ್‌ನಲ್ಲಿದ್ದೆ. ಅಳಿಯನ ಸ್ನೇಹಿತರೊಬ್ಬರು ಜಾನ್ಸನ್ ಅಭಿಮಾನಿ. ವಾರಕ್ಕೊಮ್ಮೆ ಮಗು ನೋಡುವ ನೆಪದಲ್ಲಿ ಬಂದು, ನನ್ನ ಕೈಯ ಮೆಣಸಿನ ಸಾರು ಕುಡಿದು, ಸರ್ಕಾರವೆಂಬುದು ಎಷ್ಟು ಕೆಟ್ಟದ್ದು ಎಂದು ವಿವರಿಸಿ ಹೋಗುತ್ತಿದ್ದರು. ಒಳ್ಳೆಯ ಹುಡುಗ. ಅವರ ಮಾತಿನಲ್ಲಿ ಒಪ್ಪುವಂಥದ್ದು ಬೇಕಾದಷ್ಟಿತ್ತು.

ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಒಟ್ಟಿಗೆ ಸಂಸಾರ ಮಾಡಿದರೆ ಸರ್ಕಾರಕ್ಕೇನು ಎಂದರು ಜಾನ್ಸನ್. ಅಲ್ಲಿನ ಸುಪ್ರೀಂ ಕೋರ್ಟು ಅಂಥ ಮದುವೆಗಳನ್ನು ದೇಶದಾದ್ಯಂತ ಒಪ್ಪಿದ್ದು 2015ರಲ್ಲಿ. ಇವರು 2011ರಲ್ಲೇ ಒಪ್ಪಿದ್ದರು. ಗರ್ಭ ಉಳಿಸಿಕೊಳ್ಳುವುದೋ ಬೇಡವೋ ಎಂಬುದು ಹೆಣ್ಣಿನ ತೀರ್ಮಾನ ಎಂದರು. ಕೂಸು ಹೊರಗೆ ಬದುಕಬಲ್ಲಷ್ಟು ಬೆಳೆದ ಮೇಲೆ ಮಾತ್ರ ಬೇರೆ ಮಾತು. ಮಕ್ಕಳ ಶಾಲೆಯನ್ನು ತಂದೆತಾಯಿ ಆರಿಸಲಿ, ಸರ್ಕಾರದ ಹಣ ಮಗುವಿನ ಹಿಂದೆ ಹೋಗಲಿ ಎಂದರು. ಗಾಂಜಾ ಸೇದುವವರನ್ನು ಜೈಲಿಗೆ ಹಾಕಬೇಡಿ ಎಂದು ಗವರ್ನರ್ ಆಗಿದ್ದಾಗಲೇ, 1999ರಲ್ಲಿ, ಹೇಳಿದವರು. ಸ್ವತಃ ಹೆಂಡ ಮುಟ್ಟದವರು, ಅದು ಬೇರೆ.

ಈ ಗಾಂಜಾದ ಮಾತಿಗೆ ನಾನು ತಲೆಯಾಡಿಸಲಿಲ್ಲ. ಕುಡಿಯುವವನ ದೇಹ ಅವನದೇ, ಒಪ್ಪಿದೆ. ಆದರೆ ಶನಿವಾರದ ಬಟವಾಡೆ? ಅದರ ಮೇಲೆ ಅಕ್ಕಿ, ಮಕ್ಕಳ ಫೀಸು, ಅತ್ತೆಯ ಮಾತ್ರೆ ಎಲ್ಲವೂ ನಿಂತಿರುತ್ತವಲ್ಲ. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಂತಾಗ ಹಿಗ್ಗಿದ ಹೆಂಗಸರು ಎಷ್ಟು ಮಂದಿ! ಸಾರಾಯಿ ಹೋಗಿ ಬ್ರಾಂದಿ ಬಂತು ಎಂದು ನೀವು ನಗಬಹುದು, ನಿಜವೇ. ನಿಷೇಧದಿಂದ ಕುಡಿತ ನಿಲ್ಲುವುದಿಲ್ಲ ಎನ್ನುವ ಮಟ್ಟಿಗೆ ಜಾನ್ಸನ್ ಸರಿ. ಕುಡಿತ ಕುಡುಕನೊಬ್ಬನ ವಿಷಯ ಎನ್ನುವ ಮಟ್ಟಿಗೆ ಅಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಅದೇ ವರ್ಷದ ಜನವರಿಯಲ್ಲಿ, ಬುರ್ಖಾ ನಿಷೇಧಿಸುವ ಮಸೂದೆ ಬಂದರೆ ಸಹಿ ಹಾಕುತ್ತೇನೆ ಎಂದುಬಿಟ್ಟರು ಈ ಸ್ವಾತಂತ್ರ್ಯಪ್ರಿಯರು! ಅದನ್ನು ತೊಡುವ ಹೆಂಗಸರ ಮೇಲೆ ಬಲವಂತ ಇರಬಹುದು ಎಂಬ ಕಳಕಳಿಯಂತೆ. ಮರುದಿನವೇ ಮಾತು ಹಿಂತೆಗೆದುಕೊಂಡರು. ಅವರ ಪಕ್ಷದವರಿಗೆ ಇದು ನಾಚಿಕೆಯ ಸಂಗತಿ. ನನಗೆ ಮಾತ್ರ ಆ ಒಂದು ದಿನದ ಜಾನ್ಸನ್ ಮೇಲೆಯೇ ಆಸಕ್ತಿ. ಆ ಒಂದು ದಿನ ಅವರು ಮನೆಯೊಳಗೆ ಇಣುಕಿದ್ದರು. ಅಲ್ಲಿ ಸರ್ಕಾರವಲ್ಲದೆ ಅಪ್ಪ, ಅಣ್ಣ, ಗಂಡ, ಕುಲದ ಹಿರಿಯರೂ ಅಪ್ಪಣೆ ಕೊಡಬಲ್ಲರು ಎಂಬುದು ಅವರಿಗೆ ಕಂಡಿತ್ತು. ಕಂಡದ್ದಕ್ಕೆ ಅವರು ಹುಡುಕಿದ ಮದ್ದು, ಅಂದರೆ ಆ ಹೆಣ್ಣಿನ ಬಟ್ಟೆಯನ್ನೇ ಕಿತ್ತುಕೊಳ್ಳುವುದು, ತಪ್ಪು. ಮರುದಿನ ಮದ್ದನ್ನು ಎಸೆದರು, ಸರಿ. ರೋಗ ಕಂಡಿದ್ದನ್ನೂ ಮರೆತುಬಿಟ್ಟರು.

ಅವರ ಪಕ್ಷದ ಪ್ರಣಾಳಿಕೆಯಲ್ಲಿ, ವೈಯಕ್ತಿಕ ಸಂಬಂಧಗಳಿಗೆ ಪರವಾನಗಿ ಕೊಡುವ ಅಧಿಕಾರವೇ ಸರ್ಕಾರಕ್ಕಿಲ್ಲ ಎಂಬ ಮಾತಿತ್ತು. ಓದಲು ಚೆಂದ. ಪ್ರೀತಿಗೇಕೆ ಮೊಹರು? ಆದರೆ ಬಿಟ್ಟುಹೋದ ಗಂಡನಿಂದ ಜೀವನಾಂಶ ಕೇಳಲು ಕೋರ್ಟಿನ ಮೆಟ್ಟಿಲು ಹತ್ತಿದವಳನ್ನು ಕೇಳಿ ನೋಡಿ. ಮದುವೆಯೇ ಆಗಿಲ್ಲ ಎಂದು ಅವನು ಕೈ ತಿರುಗಿಸಿದರೆ, ಅವಳ ಕೈಯಲ್ಲಿ ಉಳಿಯುವುದು ಒಂದು ಫೋಟೋ, ಒಂದು ಲಗ್ನಪತ್ರಿಕೆ. 2006ರಲ್ಲಿ ನಮ್ಮ ಸುಪ್ರೀಂ ಕೋರ್ಟು ಎಲ್ಲ ಮದುವೆಗಳೂ ನೋಂದಣಿಯಾಗಬೇಕು ಎಂದು ಹೇಳಿದ್ದು ಪ್ರೀತಿಯನ್ನು ಅಳೆಯುವುದಕ್ಕಲ್ಲ. ಕಾಗದ ಬೇಡವೆನ್ನುವುದು ಬಲವಿದ್ದವರಿಗೆ ಸಲೀಸು.

ಇನ್ನು ನಾನು ಹೋದ ಕೆಲಸದ ಮಾತು. ಹೆರಿಗೆಯ ರಜೆಗೆ ಸಂಬಳ ಕೊಡಲೇಬೇಕು ಎಂಬ ಕಾನೂನು ಇಡೀ ಅಮೆರಿಕಕ್ಕೆ ಅನ್ವಯಿಸುವಂತೆ ಇಲ್ಲ. ಕ್ಯಾಲಿಫೋರ್ನಿಯದಂಥ ಕೆಲವು ರಾಜ್ಯಗಳು ತಮ್ಮದೇ ಏರ್ಪಾಡು ಮಾಡಿಕೊಂಡಿವೆ. ಕೇಂದ್ರದ 1993ರ ಕಾಯ್ದೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ, ಅದೂ ಕನಿಷ್ಠ 50 ಜನ ನೌಕರರಿರುವ ಕಡೆ. ನನ್ನ ಮಗಳ ಕಛೇರಿ ಅದಕ್ಕಿಂತ ಚಿಕ್ಕದು. ಉಳಿಸಿಟ್ಟ ರಜೆಯನ್ನೆಲ್ಲ ಸೇರಿಸಿ ಆರು ವಾರ ದಕ್ಕಿತು. ಏಳನೆಯ ವಾರ ಅವಳು ಕಾರು ಹತ್ತಿದಳು. ಹಾಲು ಹಿಂಡುವ ಯಂತ್ರ ಒಂದು ಚೀಲದಲ್ಲಿ, ಲ್ಯಾಪ್‌ಟಾಪ್ ಇನ್ನೊಂದರಲ್ಲಿ. ನಾನು ಬಾಗಿಲಲ್ಲಿ ಕೂಸು ಹಿಡಿದು ನಿಂತೆ.

ಸ್ನೇಹಿತರು ಆ ವಾರವೂ ಬಂದರು. ರಜೆಯನ್ನು ಮಾಲೀಕರ ಮೇಲೆ ಹೇರಿದರೆ ಅವರು ಹೆಂಗಸರನ್ನೇ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ, ಆಂಟಿ, ಎಂದರು. ಇದು ಬರೀ ವಾದವಲ್ಲ. ಮುಂದೆ 2017ರಲ್ಲಿ ನಮ್ಮ ದೇಶ ಆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿ, ಸಂಬಳದ ಭಾರವನ್ನು ಮಾಲೀಕರ ತಲೆಗೇ ಕಟ್ಟಿತು. ಹೊಸದಾಗಿ ಮದುವೆಯಾದ ಹುಡುಗಿಯರ ಸಂದರ್ಶನದಲ್ಲಿ ಏನೇನು ಕೇಳುತ್ತಾರೆಂದು ನಿಮಗೂ ಗೊತ್ತು. ಹೂ ಮಾರುವವಳಿಗೆ, ಪಾತ್ರೆ ತೊಳೆಯುವವಳಿಗೆ ಆ 26 ವಾರ ಕನಸಿನ ಮಾತು. ಹಾಗಾಗಿ ಅವರ ಮಾತನ್ನು ತಳ್ಳಿಹಾಕಲಿಲ್ಲ. ಒಂದೇ ಒಂದು ಕೇಳಿದೆ. "ಸರ್ಕಾರ ಬೇಡ, ಮಾಲೀಕನೂ ಬೇಡ. ಹಾಗಾದರೆ ಈ ಮಗುವನ್ನು ಎತ್ತಿಕೊಳ್ಳುವವರು ಯಾರು?"

"ಕುಟುಂಬ" ಎಂದರು ತಟ್ಟನೆ.

ಕುಟುಂಬ ಎಂದರೆ ಆ ಹೊತ್ತಿಗೆ ನಾನು. ಮಂಡಿನೋವಿನ ನಾನು, ಊರಲ್ಲಿ ಮೊಸರನ್ನ ತಿಂದುಕೊಂಡು ದಿನ ದೂಡುತ್ತಿದ್ದ ನಮ್ಮ ಯಜಮಾನರು, ಅವರಿಗೆ ದಿನವೂ ಪಲ್ಯ ಕೊಟ್ಟುಹೋಗುತ್ತಿದ್ದ ನನ್ನ ತಂಗಿ. ಸಂಜೆ ಪಾರ್ಕಿನಲ್ಲಿ ತಳ್ಳುಗಾಡಿ ಹಿಡಿದ ಇನ್ನೂ ನಾಲ್ಕು ಅಜ್ಜಿಯರು ಸಿಗುತ್ತಿದ್ದರು. ಇಬ್ಬರು ತೆಲುಗಿನವರು, ಒಬ್ಬರು ಗುಜರಾತಿ, ಒಬ್ಬರು ನಮ್ಮ ಹಾಸನದವರು. ಯಾರೂ ಬಲವಂತಕ್ಕೆ ಬಂದವರಲ್ಲ, ಎಲ್ಲರೂ ಪ್ರೀತಿಯಿಂದಲೇ ಬಂದವರು. ಲಿಬರ್ಟೇರಿಯನ್ನರ ಲೆಕ್ಕದಲ್ಲಿ ಸ್ವಇಚ್ಛೆಯ ವ್ಯವಹಾರ. ಅವರ ಲೆಕ್ಕದ ಪುಸ್ತಕದಲ್ಲಿ ಎರಡೇ ಕಾಲಂ: ಸರ್ಕಾರ, ವ್ಯಕ್ತಿ. ಸರ್ಕಾರ ಬಿಟ್ಟ ಕೆಲಸ ವ್ಯಕ್ತಿಗೆ ಸ್ವಾತಂತ್ರ್ಯವಾಗಿ ಜಮೆಯಾಗುತ್ತದೆ. ಅಜ್ಜಿಯನ್ನು ಬರೆಯಲು ಕಾಲಮ್ಮೇ ಇಲ್ಲ. ಅಜ್ಜಿ ಇಲ್ಲದ ಮನೆಯ ಮಗು ಆರು ವಾರಕ್ಕೇ ಶಿಶುವಿಹಾರ ಸೇರುತ್ತದೆ.

ವ್ಯಕ್ತಿ ಯಾರು ಎಂಬುದರಲ್ಲೂ ಅವರಲ್ಲಿ ಒಮ್ಮತವಿಲ್ಲ ಎನ್ನುವುದು ವಿಚಿತ್ರ. 1988ರಲ್ಲಿ ಇದೇ ಪಕ್ಷದ ಅಭ್ಯರ್ಥಿಯಾಗಿದ್ದ ರಾನ್ ಪಾಲ್ ಹೆರಿಗೆ ಡಾಕ್ಟರು, ನಾಲ್ಕು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಅವರಿಗೆ ಹೊಟ್ಟೆಯೊಳಗಿನ ಕೂಸೂ ವ್ಯಕ್ತಿಯೇ, ಹಾಗಾಗಿ ಗರ್ಭಪಾತ ಕೂಡದು. ಅದೇ ತತ್ವ, ಎರಡು ತೀರ್ಪು. 2022ರ ಮೇ ತಿಂಗಳಲ್ಲಿ ಪಕ್ಷ ತನ್ನ ಪ್ರಣಾಳಿಕೆಯಿಂದ ಗರ್ಭಪಾತದ ಪರಿಚ್ಛೇದವನ್ನೇ ತೆಗೆದುಹಾಕಿತು. ಮರು ತಿಂಗಳು ಅಲ್ಲಿನ ಸುಪ್ರೀಂ ಕೋರ್ಟು ಆ ಹಕ್ಕನ್ನೂ ತೆಗೆದುಹಾಕಿತು. ಮಾತಾಡಬೇಕಾದ ಹೊತ್ತಿಗೆ ಸರಿಯಾಗಿ ಮೌನ!

ಜಾನ್ಸನ್‌ಗೆ 2016ರಲ್ಲಿ ಬಿದ್ದದ್ದು ಸುಮಾರು 45 ಲಕ್ಷ ಮತ, ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು. ಅವರ ಪಕ್ಷಕ್ಕೆ ಅಷ್ಟು ಹಿಂದೆಂದೂ ಬಿದ್ದಿರಲಿಲ್ಲ. ಒಂದು ವಿಷಯದಲ್ಲಿ ಅವರು ಪೂರ್ತಿ ನನ್ನ ಪರ ಎಂದು ಒಪ್ಪಬೇಕು. ಗೋಡೆ ಕಟ್ಟುವುದನ್ನು ಅವರು ವಿರೋಧಿಸಿದರು. ದುಡಿಯಲು ಬರುವವರಿಗೆ ವೀಸಾ ಸಲೀಸಾಗಿ ಸಿಗಲಿ ಎಂದರು. ಕುಟುಂಬದೊಳಗೆ ಬರಲೊಲ್ಲದ ಆ ದೇಶದ ಸರ್ಕಾರ ವಿಮಾನ ನಿಲ್ದಾಣದಲ್ಲಿ ಮಾತ್ರ ಗಾಜಿನ ಹಿಂದೆ ಕೂತು, ಏತಕ್ಕೆ ಬಂದಿರಿ ಎಂದು ನನ್ನನ್ನು ಕೇಳಿತ್ತು. ಮೊಮ್ಮಗುವನ್ನು ನೋಡುವುದಕ್ಕೆ ಎಂದಿದ್ದೆ. ಅಧಿಕಾರಿ ನನ್ನ ಬೆರಳಚ್ಚು ತೆಗೆದುಕೊಂಡು ಆರು ತಿಂಗಳು ಎಂದು ಮೊಹರು ಒತ್ತಿದ.