ಎಳೆ ಕಡಿದಾಗ

ಏಳನೇ ತರಗತಿಯಲ್ಲಿ ಓದುವ ನನ್ನ ತಂಗಿಯ ಮಗಳು ರಜೆಗೆ ಬಂದಿದ್ದಾಳೆ. ಲೆಕ್ಕ ಮಾಡಲು ಕೂತರೆ ಒಂದೊಂದು ಸಾಲಿಗೂ ತಲೆಯೆತ್ತಿ ನನ್ನ ಮುಖ ನೋಡುತ್ತಾಳೆ, ಉತ್ತರ ಸರಿಯೋ ತಪ್ಪೋ ಅಲ್ಲಿ ಬರೆದಿದೆ ಎಂಬಂತೆ. ಮೊನ್ನೆ ಸಂಜೆ ಹಳೆಯ ಪೆಟ್ಟಿಗೆಯಿಂದ ನಾನು ಶಾಲೆಯಲ್ಲಿ ನೂಲುತ್ತಿದ್ದ ತಕಲಿ ತೆಗೆದು ಅವಳ ಕೈಗಿಟ್ಟೆ. ಗೇಣುದ್ದದ ಕಡ್ಡಿ, ಬುಡದಲ್ಲಿ ಹಿತ್ತಾಳೆಯ ಬಿಲ್ಲೆ, ತುದಿಯಲ್ಲಿ ಸಣ್ಣ ಕೊಕ್ಕೆ. ದೀಪದ ಬತ್ತಿಗೆಂದು ತಂದಿಟ್ಟ ಹತ್ತಿಯನ್ನೇ ಬಿಡಿಸಿ ಹಂಜಿ ಮಾಡಿಕೊಟ್ಟೆ. ಬಲಗೈಯ ಎರಡು ಬೆರಳಲ್ಲಿ ತಕಲಿ ತಿರುಗಿಸಿ ಬಿಡಬೇಕು, ಎಡಗೈಯ ಹಂಜಿಯನ್ನು ಅದೇ ಹದದಲ್ಲಿ ಮೇಲಕ್ಕೆ ಎಳೆಯಬೇಕು. ಕೈ ಅವಸರಪಟ್ಟರೆ ಎಳೆ ಸಣ್ಣಗಾಗಿ ಕಡಿಯುತ್ತದೆ. ತಡವಾದರೆ ಹುರಿ ಹೆಚ್ಚಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಹನ್ನೊಂದು ಸಲ ಕಡಿಯಿತು. ಒಂದು ಸಲವೂ ಅವಳು ನನ್ನ ಮುಖ ನೋಡಲಿಲ್ಲ. ಎಳೆಯನ್ನೇ ನೋಡುತ್ತಿದ್ದಳು.

ಕೈಕೆಲಸದ ಕಲಿಕೆಯಲ್ಲಿ ನಾನು ಕಂಡುಕೊಂಡ ದೊಡ್ಡ ಸಂಗತಿ ಇದು. ತಪ್ಪು ತೋರಿಸಲು ಅಲ್ಲಿ ಕೆಂಪು ಇಂಕು ಬೇಕಿಲ್ಲ. ನೂಲು, ಮರ, ಮಣ್ಣು ತಾವೇ ಹೇಳುತ್ತವೆ, ತಕ್ಷಣ ಹೇಳುತ್ತವೆ. ಯಾರ ಮಗು ಎಂದು ಕೇಳಿ ಹೇಳುವುದಿಲ್ಲ.

1937ರ ಅಕ್ಟೋಬರಿನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದದ್ದೂ ಕೈಕೆಲಸದಿಂದಲೇ ಕಲಿಸಬೇಕು ಎಂಬ ನಂಬಿಕೆಯ ಮೇಲೆ. ಅಲ್ಲಿಂದ ಹುಟ್ಟಿದ ಜಾಕಿರ್ ಹುಸೇನ್ ಸಮಿತಿ ಹಾಕಿಕೊಟ್ಟ ವೇಳಾಪಟ್ಟಿ ಇಂದು ಓದಿದರೂ ಬೆರಗಾಗುತ್ತದೆ. ಐದೂವರೆ ಗಂಟೆಯ ಶಾಲೆಯಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ, ಮಾತೃಭಾಷೆಗೆ 40 ನಿಮಿಷ! ಕಸುಬನ್ನು ಪಾಠದ ಪಕ್ಕದಲ್ಲಿಡದೆ, ಪಾಠವನ್ನೇ ಕಸುಬಿನೊಳಗಿಂದ ತೆಗೆಯಬೇಕು ಎಂಬುದು ಅದರ ಜೀವಾಳ. ಮಕ್ಕಳ ದುಡಿಮೆಯಿಂದಲೇ ಮೇಷ್ಟ್ರ ಸಂಬಳ ಹುಟ್ಟಬೇಕು ಎಂಬ ಗಾಂಧೀಜಿಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ಸಮ್ಮೇಳನದಲ್ಲೇ ಅದನ್ನು ವಿರೋಧಿಸಿದ್ದರು. ಸಂಪಾದನೆಯ ಕಡೆಗೇ ಗಮನ ಹೋದರೆ ಕಲಿಕೆ ಸೊರಗುತ್ತದೆ ಎಂದು ಸಮಿತಿಯೂ ಎಚ್ಚರಿಸಿತ್ತು. ಮಗು ನೂಲಬೇಕಾದದ್ದು ಮಾರುವುದಕ್ಕಲ್ಲ. ಆದರೆ ಆ ಒಂದು ಮಾತಿಗಾಗಿ ಇಡೀ ವಿಚಾರವನ್ನೇ ನಾವು ಅಟ್ಟಕ್ಕೆ ಹಾಕಿಬಿಟ್ಟೆವಲ್ಲ, ಅದು ನನಗೆ ನೋವು.

ನಮ್ಮ ಶಾಲೆಯಲ್ಲಿ ವಾರಕ್ಕೆ ಎರಡು ಪೀರಿಯಡ್ ಕ್ರಾಫ್ಟ್ ಇತ್ತು. ಹತ್ತನೇ ತರಗತಿಗೆ ಬರುತ್ತಿದ್ದಂತೆ ಒಂದನ್ನು ಗಣಿತ ನುಂಗಿತು, ಇನ್ನೊಂದನ್ನು ಇಂಗ್ಲಿಷ್. ನಮ್ಮ ಕ್ರಾಫ್ಟ್ ಮೇಷ್ಟ್ರನ್ನು ಬೇರೆ ಮೇಷ್ಟ್ರು ರಜೆ ಹಾಕಿದ ತರಗತಿಗೆ ಮಕ್ಕಳ ಗಲಾಟೆ ಅಡಗಿಸಲು ಕಳಿಸುತ್ತಿದ್ದರು. ಮುರಿದ ಬೆಂಚಿಗೆ ತಾವೇ ಕೂಡುಗಾಲು ಕೊಟ್ಟು ನಿಲ್ಲಿಸಬಲ್ಲ ಮನುಷ್ಯ, ನಲವತ್ತು ನಿಮಿಷ ಕೋಲು ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗಿಲ್ಲದ ಕಲಿಕೆ ಹೇಳಿತು. ಬಡಗಿ, ಕುಂಬಾರ, ತೋಟಗಾರರ ಬಳಿ ಹೋಗಿ ಕಲಿಯುವುದು. ಒಳ್ಳೆಯ ಮಾತೇ. ಆದರೆ ಹತ್ತು ದಿನದಲ್ಲಿ ಕುಂಬಾರರ ತಿಗರಿಯ ಮುಂದೆ ಕೂತ ಮಗು ಮಣ್ಣನ್ನು ನಡುವಿಗೆ ನಿಲ್ಲಿಸುವುದನ್ನು ಕಲಿಯುವಷ್ಟರಲ್ಲಿ ದಿನ ಮುಗಿದಿರುತ್ತದೆ. ಸೋತು, ಮತ್ತೆ ಸೋತು, ಕೈಗೆ ಹದ ಹತ್ತಿದ ಮೇಲೆ ಸಿಗುವ ಸುಖ ಅದರ ಪಾಲಿಗೆ ಬರುವುದೇ ಇಲ್ಲ. ಮೂರು ವರ್ಷ, ವಾರಕ್ಕೆ ಎರಡು ಪೀರಿಯಡ್, ಒಂದೇ ಕಸುಬು, ಅದನ್ನು ಬಲ್ಲ ಒಬ್ಬ ಮೇಷ್ಟ್ರು. ನಾನು ಕೇಳುವುದು ಇಷ್ಟು. ಆ ಪೀರಿಯಡ್ಡನ್ನು ಪರೀಕ್ಷೆಯ ಹೆಸರಲ್ಲಿ ಯಾರೂ ಮುಟ್ಟಬಾರದು.

ಲೆಕ್ಕ ಹಿಂದೆ ಬೀಳುತ್ತದೆ ಎಂದು ಹೆದರುವವರಿಗೆ ನೂಲಿನ ನಂಬರಿನ ವಿಷಯ ಹೇಳಬೇಕು. 840 ಗಜ ನೂಲು ಒಂದು ಲಡಿ. ಒಂದು ಪೌಂಡ್ ತೂಕಕ್ಕೆ ಎಷ್ಟು ಲಡಿ ತೂಗುತ್ತದೋ ಅದೇ ಆ ನೂಲಿನ ನಂಬರು. 20ನೇ ನಂಬರಿನ ನೂಲಾದರೆ ಒಂದು ಪೌಂಡಿನಲ್ಲಿ 16,800 ಗಜ, ಅಂದರೆ ಹದಿನೈದು ಕಿಲೋಮೀಟರಿಗೂ ಹೆಚ್ಚು. ಅರ್ಧ ಕಿಲೋಗಿಂತ ಕಡಿಮೆ ಹತ್ತಿ ಅಷ್ಟು ದೂರ ಹೋಗುತ್ತದೆ! ಇದನ್ನು ಹೇಳಿದಾಗ ಹುಡುಗಿ ನಂಬಲಿಲ್ಲ. ಗುಣಿಸಿ ನೋಡಿದಳು, ಭಾಗಿಸಿಯೂ ನೋಡಿದಳು.

ಮೂರನೇ ದಿನ ಅವಳ ನೂಲು ಅಳೆದೆವು. ನಮ್ಮ ಊಟದ ಮನೆಯ ಕುರ್ಚಿಯ ಬೆನ್ನು ಸರಿಯಾಗಿ ಒಂದೂವರೆ ಅಡಿ ಅಗಲ, ಒಂದು ಸುತ್ತು ಸುತ್ತಿದರೆ ಒಂದು ಗಜ. ನಡುವೆ ನಾಲ್ಕು ಕಡೆ ಕಡಿದು ಸೇರಿಸಿದ ಗುರುತಿತ್ತು, ಮೊದಲ ದಿನದ ಎಳೆ ಹುರಿಹಗ್ಗದಷ್ಟು ದಪ್ಪವಿತ್ತು. ಐವತ್ತೆರಡು ಸುತ್ತು ಬಂತು.

“ದೊಡ್ಡಮ್ಮ, ಲಡಿಗೆ ಇನ್ನೂ 788 ಗಜ ಬೇಕು,” ಎಂದಳು. ಕಾಗದ ಮುಟ್ಟದೆ, ನನ್ನ ಕಡೆ ನೋಡದೆ.