ಎರಿಮಣ್ಣಿನ ದೇವರು

ರೋಣ, ನರಗುಂದದ ಕಡೆ ಕಪ್ಪು ಎರಿ ಹೊಲ. ಗಜೇಂದ್ರಗಡದ ಗುಡ್ಡದ ಸುತ್ತ ಕೆಂಪು ಮಸಾರಿ. ಮೂರ್ತಿ ಮಾಡುವವನ ಅರ್ಧ ಆಯುಷ್ಯ ಈ ಎರಡರ ನಡುವೆ ರಾಜಿ ಮಾಡಿಸುವುದರಲ್ಲೇ ಹೋಗುತ್ತದೆ.

*

ಎರಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬಿಳಿಜೋಳಕ್ಕೆ, ಕಡಲೆಗೆ ಆಗಿಬರುವ ಮಣ್ಣು ಮೂರ್ತಿಗೆ ಸುಲಭವಾಗಿ ಒಗ್ಗದು. ಅದಕ್ಕೇ ಮರಳು, ಬೂದಿ, ಲದ್ದಿ ಬೆರೆಸಿ ತುಳಿಯಬೇಕು. ಹದ ಹೇಳುವುದು ಬೆರಳು. ಕಣ್ಣಿಗೆ ಅಲ್ಲಿ ಕೆಲಸ ಕಡಿಮೆ.

*

ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವ ಮನೆಯಲ್ಲೂ ಮಣ್ಣೆತ್ತಿನ ಅಮಾವಾಸ್ಯೆಗೆ ಜಗಲಿ ಏರುವುದು ಎತ್ತೇ. ಮುಂದೆ ಮೇವಿಗೆ ಒಂದು ಗ್ವಾದಲಿಯೂ ಬೇಕು.

*

ಮಣ್ಣೆತ್ತು, ಆಷಾಢದ ಗುಳ್ಳವ್ವ, ಪಂಚಮಿಯ ನಾಗಪ್ಪ, ಚೌತಿಯ ಗಣಪ, ಕೊನೆಗೆ ಜೋಕುಮಾರ. ಮೊದಲನೆಯದನ್ನು ಮಕ್ಕಳೂ ಮಾಡುತ್ತಾರೆ. ಕೊನೆಯವನನ್ನು ಮಾಡಲು ಎದೆಗಾರಿಕೆ ಬೇಕು: ಅಗಲ ಬಾಯಿ, ಅಗಲ ಕಣ್ಣು, ಮಾನ ಮರ್ಯಾದೆಯ ಹಂಗಿಲ್ಲದ ಮೈ. ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂತು, ಹೆಣ್ಣುಮಕ್ಕಳ ತಲೆಯ ಮೇಲೆ ಓಣಿ ಓಣಿ ತಿರುಗುತ್ತಾನೆ. ಗಣಪ ಕಡುಬು ತಿಂದು ಹೋಗಿ, ಕೆಳಗೆ ಎಲ್ಲ ಸುಖ ಎನ್ನುತ್ತಾನಂತೆ. ಮಳೆಯಿಲ್ಲ, ಜನ ಹಸಿದಿದ್ದಾರೆ ಎಂದು ಶಿವನಿಗೆ ಖರೆ ಹೇಳುವವನು ಜೋಕುಮಾರ. 1980ರಲ್ಲಿ ನರಗುಂದದ ರೈತರು ಕರದ ವಿರುದ್ಧ ಎದ್ದು ನಿಂತಾಗ ಅವನ ಮಾತಿನ ಧಾಟಿ ಈ ನೆಲಕ್ಕೆ ಹೊಸದೇನಾಗಿರಲಿಲ್ಲ.

*

ಸೂಡಿಯ ಜೋಡು ಕಳಸದ ಗುಡಿ 11ನೇ ಶತಮಾನದ್ದು, ಇನ್ನೂ ನಿಂತಿದೆ. ಅಲ್ಲಿಯ ಶಿಲ್ಪಿಯನ್ನು ಇತಿಹಾಸಕಾರರು ಹುಡುಕಿಕೊಂಡು ಬರುತ್ತಾರೆ. ಮಣ್ಣಿನ ಮೂರ್ತಿ ಮಾಡಿದವನನ್ನು ಹುಡುಕಿಕೊಂಡು ಬರುವುದು ಮುಂದಿನ ವರ್ಷದ ಹಬ್ಬ.

*

ಹರವಿ, ಗಡಿಗೆ, ಪಣತಿ ಆವಿಗೆಯಲ್ಲಿ ಬೇಯುತ್ತವೆ. ಸುಮಾರು 600 ಡಿಗ್ರಿ ಶಾಖ ದಾಟಿದ ಮೇಲೆ ಅವು ನೀರಿಗೆ ಬಿದ್ದರೂ ಮತ್ತೆ ಕೆಸರಾಗುವುದಿಲ್ಲ. ಹಬ್ಬದ ದೇವರನ್ನು ಸುಡುವುದಿಲ್ಲ. ಹಸಿಮಣ್ಣಾಗಿ ಉಳಿದದ್ದಕ್ಕೇ ಹಳ್ಳದಲ್ಲಿ ಕರಗುತ್ತಾನೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪನಿಗೆ ಆ ಭಾಗ್ಯವಿಲ್ಲ. ಕೈಕಾಲು ಮುರಿದುಕೊಂಡು ದಂಡೆಯಲ್ಲಿ ಬಿದ್ದಿರುತ್ತಾನೆ. ಸರ್ಕಾರ ಬೇಡವೆಂದರೂ ಬಣ್ಣಕ್ಕೆ ಮರುಳಾಗಿ ತರುವವರು ನಾವೇ.

*

ಕುಂಬಾರ ಊರಿನ ಆಯಗಾರನಾಗಿದ್ದಾಗ ಸುಗ್ಗಿಗೆ ಕಣದಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಈಗ ಕೊಡುವುದು ರೊಕ್ಕ, ಅದೂ ಚೌಕಾಸಿ ಮುಗಿದ ಮೇಲೆ.

*

ಕಲಿಸಲು ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ಕೊಳ್ಳುವುದನ್ನು ನಾವೇ ಕಲಿಯಬೇಕು. ಬರುವ ಅಮಾವಾಸ್ಯೆಗೆ ಬಜಾರದಲ್ಲಿ ಜೋಡೆತ್ತು ಕೊಳ್ಳುವಾಗ, ಮಾಡಿದವರು ಹೇಳಿದಷ್ಟು ರೊಕ್ಕ ಕೊಟ್ಟು ಬನ್ನಿ.